ನಂದಿ ತಪ್ಪಲಿನ ಅಲ್ಟ್ರಾ ಓಟದ ಶಿಬಿರ: ರಾತ್ರಿಯ ಪಾಠ ಗಟ್ಟಿ, ಬೆಳಗಿನ ಭಾಷಣ ಟೊಳ್ಳು

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವ ದಾರಿಯಲ್ಲಿ ದ್ರಾಕ್ಷಿ ತೋಟವೊಂದನ್ನು ಬಾಡಿಗೆಗೆ ಹಿಡಿದು ವಾರಾಂತ್ಯಗಳಲ್ಲಿ ನಡೆಸುವ ಈ ಶಿಬಿರ, ಮ್ಯಾರಥಾನಿನ 42.195 ಕಿ.ಮೀ. ದಾಟಿದ ಓಟಗಳಿಗೆ ಕಾಲಿಗಿಂತ ಮೊದಲು ಮನಸ್ಸನ್ನು ಸಜ್ಜುಗೊಳಿಸುವುದಾಗಿ ಹೇಳಿಕೊಳ್ಳುತ್ತದೆ. ಆ ಮಾತಿನಲ್ಲಿ ಅರ್ಧವನ್ನು ಉಳಿಸಿಕೊಂಡಿದೆ; ಆ ಅರ್ಧಕ್ಕಾಗಿಯೇ ಶುಲ್ಕ ಕೊಡಬಹುದು.

ಶನಿವಾರ ಸಂಜೆ ಓಡಿಸುವ ಮೊದಲು ಒಂದೂವರೆ ಗಂಟೆ ಕಾಲ ತಲೆ ಬಿಸಿಯಾಗುವಂಥ ಲೆಕ್ಕಗಳನ್ನು ಮಾಡಿಸುತ್ತಾರೆ. ಇದು ಹುಡುಗಾಟವಲ್ಲ. ಕ್ರೀಡಾ ವಿಜ್ಞಾನಿ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 90 ನಿಮಿಷ ಮನಸ್ಸನ್ನು ದಣಿಸಿಕೊಂಡ ಬಳಿಕ ಸೈಕಲ್ ತುಳಿದವರು ಸರಾಸರಿ 640 ಸೆಕೆಂಡಿಗೇ ಕೈಚೆಲ್ಲಿದ್ದರು. ದಣಿಯದಿದ್ದ ದಿನ ಅವರೇ 754 ಸೆಕೆಂಡು ತುಳಿದಿದ್ದರು. ಹೃದಯ, ಸ್ನಾಯುಗಳ ಕೆಲಸದಲ್ಲಿ ಅದಕ್ಕೆ ಕಾರಣ ಕಾಣಲಿಲ್ಲ, ಶ್ರಮ ಹೆಚ್ಚೆನಿಸಿದ್ದೇ ವ್ಯತ್ಯಾಸ. ಲೆಕ್ಕದ ಹಾಳೆ ಮುಗಿಸಿ ತೋಟದ ಹಿಂದಿನ ಏರಿನಲ್ಲಿ ಕಾಲಿಟ್ಟಾಗ, ‘ಇನ್ನು ಆಗದು’ ಎನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ ಎಂಬುದು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ರಾತ್ರಿಯ ಓಟವೇ ಶಿಬಿರದ ತಿರುಳು. ಅಮೆರಿಕದಲ್ಲಿ ಹುಟ್ಟಿದ ಬ್ಯಾಕ್‌ಯಾರ್ಡ್ ಅಲ್ಟ್ರಾ ಪದ್ಧತಿಯಲ್ಲಿ ಸುಮಾರು 6.7 ಕಿ.ಮೀ. ಸುತ್ತನ್ನು ಗಂಟೆಯೊಳಗೆ ಮುಗಿಸಿ, ಮುಂದಿನ ಗಂಟೆ ಹೊಡೆದಾಗ ಮತ್ತೆ ಗೆರೆಯ ಮೇಲೆ ನಿಲ್ಲಬೇಕು. ಒಬ್ಬರೇ ಉಳಿಯುವವರೆಗೆ ಓಟ ನಿಲ್ಲದು, ಮಿಕ್ಕವರೆಲ್ಲ ಪೂರೈಸದವರೆಂದೇ ದಾಖಲಾಗುತ್ತಾರೆ. ಇಲ್ಲಿ ಸುತ್ತು ಚಿಕ್ಕದು, ಬೆಳಕು ಹರಿದಾಗ ನಿಲ್ಲಿಸುತ್ತಾರೆ, ಆದರೆ ನಿಯಮದ ಕುಟಿಲತೆ ಹಾಗೇ ಇದೆ. ಬೇಗ ಓಡಿದವರಿಗೆ ಹೆಚ್ಚು ಬಿಡುವು ಸಿಗುತ್ತದೆ, ಆ ಬಿಡುವಿನಲ್ಲೇ ಮನಸ್ಸು ಚೌಕಾಸಿಗೆ ಇಳಿಯುತ್ತದೆ. ಕುರ್ಚಿಗಳನ್ನು ಬೇಕೆಂದೇ ಗೆರೆಯ ಪಕ್ಕದಲ್ಲಿ ಹಾಕಿರುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಮಾಪಕದಲ್ಲಿ ನಮ್ಮ ಶ್ರಮವನ್ನು ನಾವೇ ಅಂದಾಜಿಸಿ ಬರೆಯಬೇಕು. ಕೈಗಡಿಯಾರಗಳನ್ನು ಮೊದಲೇ ಇಸಿದುಕೊಂಡಿರುವುದರಿಂದ ಅವುಗಳ ಅಂಕಿ ನೋಡಿ ಬರೆಯುವ ಪಲಾಯನಕ್ಕೆ ದಾರಿಯಿಲ್ಲ. ಹಟ ಹಿಡಿದವರಿಗಿಂತ ಆ ಅಂಕಿಯನ್ನು ಪ್ರಾಮಾಣಿಕವಾಗಿ ಬರೆದು ವೇಗ ತಗ್ಗಿಸಿದವರೇ ಬೆಳಗಿನ ಜಾವದವರೆಗೂ ಉಳಿದದ್ದನ್ನು ಕಂಡೆ. ದೀರ್ಘ ಓಟದ ಮನೋಧರ್ಮವೆಂದರೆ ನನಗಂತೂ ಇದೇ.

ಭಾನುವಾರ ಬೆಳಗಿನ ಭಾಷಣ ಇದನ್ನೆಲ್ಲ ಅಳಿಸಿಹಾಕಲು ಹೊರಟಂತಿತ್ತು. ‘ಬಿಟ್ಟುಕೊಡುವವನು ಗೆಲ್ಲುವುದಿಲ್ಲ’ ಎಂದು ಚಪ್ಪಾಳೆ ತಟ್ಟಿಸಿದ ಭಾಷಣಕಾರರು, 1978ರಲ್ಲಿ ಹಬೆಲರ್ ಜೊತೆ ಆಮ್ಲಜನಕದ ಸಿಲಿಂಡರಿಲ್ಲದೆ ಎವರೆಸ್ಟ್ ಏರಿದ ಪರ್ವತಾರೋಹಿ ಮೆಸ್ನರ್ ಅವರ ಹೆಸರನ್ನೂ ಎಳೆದು ತಂದರು. ಅದೇ ಮೆಸ್ನರ್ 1974ರಲ್ಲಿ ಮಕಾಲುವಿನಿಂದ, 1977ರಲ್ಲಿ ಧವಳಗಿರಿಯಿಂದ ಶಿಖರ ಮುಟ್ಟದೆ ಇಳಿದುಬಂದು, ಮುಂದೆ ಎರಡನ್ನೂ ಏರಿದರೆಂಬುದನ್ನು ಮಾತ್ರ ಹೇಳಲಿಲ್ಲ. ಹಿಂದಿರುಗುವುದನ್ನು ಕಲಿಸದ ಸಾಹಸ ಪಾಠವನ್ನು ಬಂಡೆಗಳ ಈ ಸೀಮೆಯಲ್ಲಿ ಹೇಳುವುದೇ ಅಪಾಯ.

ಊಟ ಚೆನ್ನಾಗಿದೆ. ರಾತ್ರಿ ಸಿಗುವ ರಾಗಿ ಅಂಬಲಿ ಮತ್ತು ಉಪ್ಪು ಹಾಕಿದ ಮಜ್ಜಿಗೆ ಹೊಟ್ಟೆಗೆ ಹಿತ, ಓಟಗಾರರು ಶಕ್ತಿಗಾಗಿ ಸೇವಿಸುವ ಪೊಟ್ಟಣದ ಜೆಲ್‌ಗಳಿಗಿಂತ ಎಷ್ಟೋ ಮೇಲು. ಆದರೆ ಸ್ವಯಂಸೇವಕರು ಬಾಯಾರಿಕೆಯಿಲ್ಲದವರಿಗೂ ಪ್ರತಿ ಸುತ್ತಿನಲ್ಲಿ ನೀರು ಕುಡಿಯುವಂತೆ ಒತ್ತಾಯಿಸುವುದನ್ನು ನಿಲ್ಲಿಸಬೇಕು. ದೀರ್ಘ ಓಟದಲ್ಲಿ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ನಾನು ಹೋದಾಗ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು, ವೈದ್ಯರಿರಲಿಲ್ಲ. ಹಣ ಕಟ್ಟುವ ಮೊದಲು ರಾತ್ರಿಯಿಡೀ ವೈದ್ಯರು ಮತ್ತು ವಾಹನ ಸ್ಥಳದಲ್ಲಿರುತ್ತವೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಭಾನುವಾರದ ಭಾಷಣವನ್ನು ಬಿಟ್ಟು ಬೆಳಗಿನ ತಿಂಡಿ ಮುಗಿಸಿ ಹೊರಟರೆ ಯಾರೂ ಆಕ್ಷೇಪಿಸುವುದಿಲ್ಲ.