ರಾಸ್ಪ್‌ಬೆರಿ ಪೈ 5: ಶಟ್‌ಡೌನ್ ಕೊಟ್ಟರೆ ನಿಜವಾಗಿ ಆಫ್ ಆಗುತ್ತದೆಯೇ?

2023ರಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ರಾಸ್ಪ್‌ಬೆರಿ ಪೈ 5ರ ವೇಗ, ಮೆಮೊರಿ, ಪಿಸಿಐಇ (ವೇಗದ ಡಿಸ್ಕ್ ಮುಂತಾದವನ್ನು ಜೋಡಿಸುವ ಕಿಂಡಿ) ಕುರಿತು ಬೇಕಾದಷ್ಟು ವಿಮರ್ಶೆಗಳು ಬಂದಿವೆ. ಈ ವಿಮರ್ಶೆ ಒಂದೇ ಗುಣದ ಬಗ್ಗೆ. ಶಟ್‌ಡೌನ್ ಕೊಟ್ಟ ಮೇಲೆ ಬೋರ್ಡ್ ತಾನಾಗಿಯೇ ಪೂರ್ತಿ ಆಫ್ ಆಗುತ್ತದೆಯೇ? ಆಗುತ್ತದೆ, ಮತ್ತು ಚೆನ್ನಾಗಿ ಆಗುತ್ತದೆ. ಆದರೆ ಕಂಪನಿ ಕಳಿಸಿದ ಸೆಟ್ಟಿಂಗ್‌ನಲ್ಲಿ ಅಲ್ಲ. ಅದಕ್ಕೆ ನಾವೇ ಎರಡು ಸಾಲು ಬದಲಿಸಬೇಕು.

ಹೊಸ ಬೋರ್ಡಿಗೆ ಶಟ್‌ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಹಸಿರು ದೀಪ ಹೋಗಿ ಕೆಂಪು ಬರುತ್ತದೆ. ಮುಗಿಯಿತು ಅಂದುಕೊಳ್ಳುವುದು ಸಹಜ. ಆದರೆ ಆ ಹೊತ್ತಿನಲ್ಲೂ ಬೋರ್ಡ್ 1.2ರಿಂದ 1.6 ವ್ಯಾಟ್ ಎಳೆಯುತ್ತಲೇ ಇರುತ್ತದೆ. ಗೋಡೆಯ ಕರೆಂಟಿನಲ್ಲಿ ಇದು ವರ್ಷಕ್ಕೆ ಸುಮಾರು 12 ಯೂನಿಟ್, ಬಿಲ್ಲಿನಲ್ಲಿ ಕಣ್ಣಿಗೂ ಬೀಳದು. ಪವರ್ ಬ್ಯಾಂಕಿನಲ್ಲೋ ಸೋಲಾರ್ ಬ್ಯಾಟರಿಯಲ್ಲೋ ಓಡಿಸುವವರಿಗೆ ಮಾತ್ರ ಇದು ದೊಡ್ಡ ವಿಷಯ. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಹೆಚ್ಚುಕಡಿಮೆ 37 ವ್ಯಾಟ್-ಅವರ್. ‘ಆಫ್’ ಆಗಿರುವ ಪೈ ಏನೂ ಕೆಲಸ ಮಾಡದೆ ಅದನ್ನು ಒಂದು ದಿನದಲ್ಲಿ ಬರಿದುಮಾಡಿಬಿಡುತ್ತದೆ.

ಕಾರಣ ಹೀಗಿದೆ. ಶಟ್‌ಡೌನ್ ಆದಾಗ ಬೋರ್ಡಿನ ಓಎಸ್ ಆದ ಲಿನಕ್ಸ್ ನಿಲ್ಲುತ್ತದೆ, ಪ್ರೊಸೆಸರ್ ನಿಲ್ಲುತ್ತದೆ, ಆದರೆ ವಿದ್ಯುತ್ ಹಂಚುವ ಪಿಎಂಐಸಿ ಚಿಪ್ 3.3 ವೋಲ್ಟ್ ಮುಂತಾದ ವಿದ್ಯುತ್ ಸಾಲುಗಳನ್ನು ಆನ್ ಆಗಿಯೇ ಬಿಟ್ಟಿರುತ್ತದೆ. ಇದು ಮರೆವಲ್ಲ. ಹೊರಗಿನ ಸಲಕರಣೆ ಜೋಡಿಸುವ ಜಿಪಿಐಒ ಪಿನ್ನುಗಳ ಮೇಲೆ ಕೂರುವ, ಹ್ಯಾಟ್ ಎಂಬ ಕೆಲವು ಹೆಚ್ಚುವರಿ ಬೋರ್ಡುಗಳಿಗೆ 5 ವೋಲ್ಟ್ ಇದ್ದು 3.3 ವೋಲ್ಟ್ ಇಲ್ಲದ ಸ್ಥಿತಿ ಆಗಿಬರುವುದಿಲ್ಲ. ಹಳೆಯ ಹ್ಯಾಟ್‌ಗಳು ಕೆಡದಿರಲಿ ಎಂದು ಹೀಗೆ ಇಟ್ಟಿದ್ದಾರೆ. ಕಾರಣ ಒಪ್ಪುವಂಥದ್ದೇ. ಆದರೆ ಹ್ಯಾಟ್ ಹಾಕದ ಬಳಕೆದಾರರೂ ಬಹಳ ಮಂದಿ ಇದ್ದಾರೆ, ಮೊದಲ ಬಾರಿ ಆನ್ ಮಾಡಿದಾಗಲೇ ಈ ಆಯ್ಕೆಯನ್ನು ಕೇಳಿದ್ದರೆ ಚೆನ್ನಾಗಿತ್ತು.

ಬದಲಾವಣೆ ಮಾಡಬೇಕಾದದ್ದು ಬೂಟ್‌ಲೋಡರಿನ (ಬೋರ್ಡನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್) ಇಇಪ್ರಾಮ್ ಎಂಬ ಮೆಮೊರಿ ಚಿಪ್ಪಿನಲ್ಲಿ, ಎಸ್‌ಡಿ ಕಾರ್ಡಿನ config.txt ಫೈಲಿನಲ್ಲಿ ಅಲ್ಲ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ: ಆ ಫೈಲಿನಲ್ಲಿ ಸಾಲು ಸೇರಿಸಿದರೆ ತಪ್ಪು ಸಂದೇಶವೂ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ. ಟರ್ಮಿನಲ್ ತೆರೆದು ‘sudo -E rpi-eeprom-config --edit’ ಕೊಡಿ (sudo ಪಕ್ಕದ ‘E’ ದೊಡ್ಡಕ್ಷರ). ತೆರೆದ ಪಟ್ಟಿಯಲ್ಲಿ ‘POWER_OFF_ON_HALT=1’ ಮತ್ತು ‘WAKE_ON_GPIO=0’ ಎಂಬ ಎರಡು ಸಾಲು ಇರಲಿ, ಎರಡೂ ದೊಡ್ಡಕ್ಷರದಲ್ಲಿ. ಮೊದಲನೆಯದು ಈಗಾಗಲೇ 0 ಎಂದಿದ್ದರೆ ಅದನ್ನೇ 1 ಮಾಡಿ, ಕೆಳಗೆ ಇನ್ನೊಂದು ಸೇರಿಸಬೇಡಿ. ಸೇವ್ ಮಾಡಿ ಒಮ್ಮೆ ರೀಬೂಟ್ ಮಾಡಿ. ಇಇಪ್ರಾಮ್ ಬೋರ್ಡಿನಲ್ಲೇ ಇರುವುದರಿಂದ ಮುಂದೆ ಕಾರ್ಡ್ ಬದಲಿಸಿದರೂ ಓಎಸ್ ಹೊಸದಾಗಿ ಹಾಕಿದರೂ ಈ ಸೆಟ್ಟಿಂಗ್ ಉಳಿಯುತ್ತದೆ.

ಆದಮೇಲೆ ಶಟ್‌ಡೌನ್ ಕೊಟ್ಟರೆ ಬಳಕೆ ಸುಮಾರು 0.01 ವ್ಯಾಟ್‌ಗೆ ಇಳಿಯುತ್ತದೆ. ಪರೀಕ್ಷಿಸಲು ದೀಪ ನೋಡಬೇಡಿ, ಅಡಾಪ್ಟರ್ ಮತ್ತು ಬೋರ್ಡಿನ ನಡುವೆ ಟೈಪ್-ಸಿ ಮೀಟರ್ ಇಡಿ. ಮೊದಲು 0.27 ಆಂಪಿಯರ್ ಆಸುಪಾಸು ತೋರಿಸುತ್ತಿದ್ದದ್ದು ಈಗ 0.00 ತೋರಿಸಬೇಕು. ಅಡಾಪ್ಟರ್ ತಾನು ತಿನ್ನುವುದು ಇದರಲ್ಲಿ ಸೇರಿಲ್ಲ, ಅದನ್ನು ಉಳಿಸಬೇಕಾದರೆ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು.

ಇಷ್ಟಾದರೂ ಜಿಪಿಐಒ ಸಾಲಿನ 5 ವೋಲ್ಟ್ ಪಿನ್ನುಗಳು ಸಾಯುವುದಿಲ್ಲ, ಅವು ಟೈಪ್-ಸಿಯಿಂದ ನೇರವಾಗಿ ಬರುತ್ತವೆ. ಆ ಪಿನ್ನಿಗೆ ಫ್ಯಾನ್ ಕೊಟ್ಟಿದ್ದರೆ ಪೈ ಆಫ್ ಆದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಫ್ಯಾನಿಗೆಂದೇ ಇರುವ ನಾಲ್ಕು ಪಿನ್ನಿನ ಕನೆಕ್ಟರ್ ಬಳಸಿ. ಇನ್ನು ಜಿಪಿಐಒ-ಪವರ್‌ಆಫ್ ಓವರ್‌ಲೇ (ಪಿನ್ನಿನ ಕೆಲಸ ಹೇಳುವ ಸೆಟ್ಟಿಂಗ್) ಹಾಕಿ, ಶಟ್‌ಡೌನ್ ಆದಾಗ 26ನೇ ಜಿಪಿಐಒ ಪಿನ್ನಿನಲ್ಲಿ 3.3 ವೋಲ್ಟ್ ಸಂಕೇತ ಕೊಟ್ಟು ಹೊರಗಿನ ರಿಲೇ ಸ್ವಿಚ್ಚಿನಿಂದ ಕರೆಂಟ್ ಕಡಿಯುವ ಹಳೆಯ ವ್ಯವಸ್ಥೆ ನಿಮ್ಮಲ್ಲಿದ್ದರೆ ಈ ಸೆಟ್ಟಿಂಗ್ ಜೊತೆ ಬೆರೆಸಬೇಡಿ. 3.3 ವೋಲ್ಟ್ ಹೋದ ಮೇಲೆ ಆ ಪಿನ್ ಸಂಕೇತವನ್ನು ಹಿಡಿದುಕೊಂಡಿರಲಾರದು.

ಮತ್ತೆ ಎಬ್ಬಿಸುವ ವಿಷಯದಲ್ಲಿ ಪೈ 5 ಹಿಂದಿನ ಪೈ 4ಕ್ಕಿಂತ ಎಷ್ಟೋ ಮೇಲು. ಪೈ 4ರಲ್ಲೂ ಇದೇ ಸೆಟ್ಟಿಂಗ್ ಇದೆ, ಆದರೆ ಪವರ್ ಬಟನ್ ಇಲ್ಲ. ಪೂರ್ತಿ ಆಫ್ ಆದರೆ ಗ್ಲೋಬಲ್ ಇಎನ್ ಪಿನ್ನನ್ನು ಗ್ರೌಂಡಿಗೆ ಮುಟ್ಟಿಸಬೇಕು, ಇಲ್ಲವೇ ವೈರ್ ಕಿತ್ತು ಮತ್ತೆ ಹಾಕಬೇಕು. ಪೈ 5ರಲ್ಲಿ ಬಟನ್ ಒತ್ತಿದರೆ ಸಾಕು. ಕೇಸಿನ ಹೊರಗೆ ಬಟನ್ ಬೇಕಿದ್ದರೆ ಜೆ2 ಎಂಬ ಎರಡು ತೂತುಗಳಿಗೆ ಸಾಮಾನ್ಯ ಪುಶ್ ಬಟನ್ ಬೆಸುಗೆ ಹಾಕಬಹುದು.

ಇನ್ನೂ ಬೆಲೆಬಾಳುವುದು ಒಳಗಿನ ಆರ್‌ಟಿಸಿ, ಅಂದರೆ ಬೋರ್ಡ್ ಆಫ್ ಇದ್ದಾಗಲೂ ಓಡುವ ಗಡಿಯಾರ. ಏಳುವ ಹೊತ್ತನ್ನು ಇಡುವ rtc0ದ wakealarm ಫೈಲಿಗೆ ಮೊದಲು 0 ಬರೆದು, ಆಮೇಲೆ +600 ಬರೆದು ಶಟ್‌ಡೌನ್ ಕೊಟ್ಟರೆ 600 ಸೆಕೆಂಡಿನ ನಂತರ ಬೋರ್ಡ್ ತಾನೇ ಏಳುತ್ತದೆ. 0 ಬರೆಯದಿದ್ದರೆ ಹಳೆಯ ಅಲಾರ್ಮ್ ಕೂತಿದ್ದು ಹೊಸದನ್ನು ಒಪ್ಪದು. ತೋಟದಲ್ಲಿ ಸೋಲಾರ್ ಮೇಲೆ ಮಣ್ಣಿನ ತೇವ ಅಳೆಯುವಂಥ ಕೆಲಸಕ್ಕೆ ಇದಕ್ಕಿಂತ ಸರಳ ಏರ್ಪಾಡು ಬೇಕಿಲ್ಲ. ಟೈಪ್-ಸಿ ಕರೆಂಟ್ ಇರುವವರೆಗೆ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿ ಬೇಡ. ಜೆ5 ಕನೆಕ್ಟರಿಗೆ ಬ್ಯಾಟರಿ ಹಾಕುವುದಾದರೆ ಎಂಎಲ್2020 ತರಹದ, ಚಾರ್ಜ್ ಆಗುವಂಥದ್ದೇ ಇರಲಿ. ಚಾರ್ಜಿಂಗ್ ಮೊದಲಿಗೆ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಚಾರ್ಜ್ ಆಗದ ಸಿಆರ್2032 ಹಾಕಿ ಚಾರ್ಜಿಂಗ್ ಆನ್ ಮಾಡುವುದು ಅಪಾಯ.

ಶಟ್‌ಡೌನ್ ಕೊಟ್ಟು ನಿಮಿಷವಾದರೂ ಆಫ್ ಆಗದಿದ್ದರೆ ಬೋರ್ಡನ್ನು ದೂರಬೇಡಿ. ನಿಲ್ಲಲು ಒಪ್ಪದ ಯಾವುದೋ ಸರ್ವಿಸ್‌ಗಾಗಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್), ಇವನ್ನೆಲ್ಲ ನಡೆಸುವ ಲಿನಕ್ಸಿನ ಸಿಸ್ಟಮ್‌ಡಿ 90 ಸೆಕೆಂಡ್‌ವರೆಗೆ ಕಾಯುತ್ತದೆ. ಅಷ್ಟರಲ್ಲಿ ವೈರ್ ಕಿತ್ತರೆ ಕಾರ್ಡಿನ ಫೈಲ್‌ಗಳಿಗೆ ಹೊಡೆತ.

ಹೊಸದಾಗಿ ಕೊಳ್ಳುವವರು ಬ್ಯಾಟರಿಯಲ್ಲಿ ಓಡಿಸುವುದಾದರೆ ಪೈ 4 ಬಿಟ್ಟು ಇದನ್ನೇ ಕೊಳ್ಳಿ. ಹ್ಯಾಟ್ ಇದ್ದವರು ಅದರ ತಯಾರಕರ ಸೂಚನೆ ಓದಿ ಆಮೇಲೆ ಸೆಟ್ಟಿಂಗ್ ಬದಲಿಸಿ. ನಮ್ಮಲ್ಲಿನ ಹಾಗೆ ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಸಾಲೂ ಬೇಕಾಗಬಹುದು. ನೀವು ಆಫ್ ಮಾಡಿಟ್ಟ ಪೈ ಕರೆಂಟ್ ಹೋಗಿ ಬಂದೊಡನೆ ತಾನೇ ಬೂಟ್ ಆಗುತ್ತದೆ. ಅದು ಬೇಡವಾದರೆ ಅದೇ ಇಇಪ್ರಾಮ್ ಪಟ್ಟಿಯಲ್ಲಿ ‘WAIT_FOR_POWER_BUTTON=1’ ಸೇರಿಸಿ, ಬಟನ್ ಒತ್ತುವವರೆಗೆ ಏಳುವುದಿಲ್ಲ. ಸರ್ವರ್ ಆಗಿ ಇಟ್ಟವರು ಈ ಸಾಲಿನ ತಂಟೆಗೆ ಹೋಗಬೇಡಿ.