ವಿಂಡೋಸ್ 11 ಶಾರ್ಟ್‌ಕಟ್: ಸ್ಪೇಸ್ ಇರುವ ಪಾತ್‌ಗೆ ಎಷ್ಟು ಅಂಕ?

ಆಲ್ಟ್ ಒತ್ತಿಹಿಡಿದು ಫೈಲನ್ನು ಡೆಸ್ಕ್‌ಟಾಪಿಗೆ ಎಳೆದು ಬಿಟ್ಟರೆ ಸಿಗುವ ಶಾರ್ಟ್‌ಕಟ್‌ಗೆ ಪೂರ್ತಿ ಅಂಕ ಕೊಡಬಹುದು. ಪಾತಿನಲ್ಲಿ (ಫೈಲ್ ಇರುವ ಪೂರ್ತಿ ವಿಳಾಸ) ಬರುವ ಫೋಲ್ಡರ್ ಹೆಸರಲ್ಲಿ ಎಷ್ಟೇ ಸ್ಪೇಸ್ ಇರಲಿ, ಬೇಕಾದ ಕಡೆ ಡಬಲ್ ಕೋಟನ್ನು ವಿಂಡೋಸೇ ಹಾಕಿಕೊಳ್ಳುತ್ತದೆ. ತಕರಾರು ಶುರುವಾಗುವುದು ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಬಾಕ್ಸಿಗೆ ಕೈ ಹಾಕಿದಾಗ. ಅಲ್ಲಿ ಪಾಸ್ ಮಾರ್ಕು ಅಷ್ಟೇ.

ದೋಷ ಶಾರ್ಟ್‌ಕಟ್ ಫೈಲಿನದಲ್ಲ, ಆ ಬಾಕ್ಸಿನದು. ಫೈಲಿನ ಒಳಗೆ ಪ್ರೋಗ್ರಾಮಿನ ಪಾತ್ ಒಂದು ಕಡೆ, ಅದಕ್ಕೆ ಕೊಡುವ ಆರ್ಗ್ಯುಮೆಂಟ್ (ಏನು ತೆರೆಯಬೇಕು, ಹೇಗೆ ತೆರೆಯಬೇಕು ಎಂಬ ಸೂಚನೆ) ಇನ್ನೊಂದು ಕಡೆ ಪ್ರತ್ಯೇಕವಾಗಿಯೇ ಕೂತಿರುತ್ತವೆ. ಪ್ರಾಪರ್ಟೀಸ್ ಮಾತ್ರ ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎನ್ನುವುದನ್ನು ಕೋಟ್ ನೋಡಿಯೇ ತಿಳಿಯಬೇಕು. ಎರಡು ಬಾಕ್ಸ್ ಇಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ವಿಎಲ್‌ಸಿ ಪ್ಲೇಯರಿನಲ್ಲಿ ಒಂದು ವಿಡಿಯೊ ಫುಲ್‌ಸ್ಕ್ರೀನಿನಲ್ಲೇ ತೆರೆಯಬೇಕು ಎನ್ನಿ. ಸರಿಯಾದ ಸಾಲು, ಇಂಗ್ಲಿಷ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ, ಹೀಗಿರುತ್ತದೆ:

"ಸಿ:\ಪ್ರೋಗ್ರಾಂ ಫೈಲ್ಸ್\ವಿಡಿಯೊಲ್ಯಾನ್\ವಿಎಲ್‌ಸಿ\ವಿಎಲ್‌ಸಿ.ಇಎಕ್ಸ್‌ಇ" --ಫುಲ್‌ಸ್ಕ್ರೀನ್ "ಡಿ:\ಹಳೆ ಹಾಡು\ಒಂದು.ಎಂಪಿ4"

ಹೆಚ್ಚಿನವರು ಎಡವುವುದು ಮೊದಲ ಕೋಟ್ ಮುಗಿಯುವ ಜಾಗದಲ್ಲಿ. --ಫುಲ್‌ಸ್ಕ್ರೀನ್ ಕೋಟಿನ ಒಳಗೆ ಸೇರಿತೋ, ಟಾರ್ಗೆಟ್ ಬಾಕ್ಸಿನಲ್ಲಿರುವ ಹೆಸರು ಸರಿಯಿಲ್ಲ ಎಂದು ವಿಂಡೋಸ್ ಉಳಿಸಲು ಬಿಡುವುದೇ ಇಲ್ಲ. ಇದು ಒಳ್ಳೆಯದೇ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎರಡನೇ ಜೋಡಿ ಕೋಟ್ ಮರೆತರೆ ಮಾತ್ರ ವಿಂಡೋಸ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಆಮೇಲೆ ವಿಎಲ್‌ಸಿ "ಡಿ:\ಹಳೆ" ಒಂದು ಫೈಲು, "ಹಾಡು\ಒಂದು.ಎಂಪಿ4" ಇನ್ನೊಂದು ಫೈಲು ಎಂದುಕೊಂಡು ಎರಡನ್ನೂ ತೆರೆಯಲಾಗದೆ ದೂರು ಹೇಳುತ್ತದೆ. ದೋಷ ಸಂದೇಶದಲ್ಲಿ ಹೆಸರು ಸ್ಪೇಸ್ ಇದ್ದ ಕಡೆಯೇ ತುಂಡಾಗಿದ್ದರೆ ರೋಗ ಇದೇ.

ಇದಕ್ಕಿಂತ ಕಿರಿಕಿರಿ ಕೊನೆಯ ಬ್ಯಾಕ್‌ಸ್ಲ್ಯಾಶಿನದು. ಬ್ಯಾಕಪ್‌ಗೆಂದು ರೋಬೊಕಾಪಿಗೆ (ಫೋಲ್ಡರ್ ಕಾಪಿ ಮಾಡುವ ವಿಂಡೋಸಿನದೇ ಕಮ್ಯಾಂಡ್) ಶಾರ್ಟ್‌ಕಟ್ ಮಾಡಿ "ಡಿ:\ಮನೆ ಲೆಕ್ಕ\" "ಇ:\ಬ್ಯಾಕಪ್" ಎಂದು ಬರೆದರೆ ಕಣ್ಣಿಗೆ ಎಲ್ಲ ಸರಿಯೇ. ಆದರೆ ಬ್ಯಾಕ್‌ಸ್ಲ್ಯಾಶ್ ಪಕ್ಕದ ಕೋಟನ್ನು ಪ್ರೋಗ್ರಾಂ ಮುಕ್ತಾಯ ಎಂದು ಓದುವುದಿಲ್ಲ, ಹೆಸರಿನದೇ ಒಂದು ಅಕ್ಷರ ಎಂದು ಓದುತ್ತದೆ. ಎರಡೂ ಪಾತ್ ಅಂಟಿಕೊಂಡು ಒಂದಾಗುತ್ತವೆ, ಕಾಪಿ ಎಲ್ಲಿಗೆ ಹೋಗಬೇಕೆಂಬುದೇ ಇಲ್ಲವಾಗುತ್ತದೆ. ಕೊನೆಯ ಬ್ಯಾಕ್‌ಸ್ಲ್ಯಾಶ್ ತೆಗೆದುಬಿಡಿ, ಇಲ್ಲವೇ ಎರಡು ಹಾಕಿ.

ಪಾತನ್ನು ಟೈಪ್ ಮಾಡುವ ಕೆಲಸ ಬೇಡ. ಫೈಲ್ ಆಯ್ದು ಕಂಟ್ರೋಲ್+ಶಿಫ್ಟ್+ಸಿ ಒತ್ತಿದರೆ ಕೋಟ್ ಸಮೇತ ಕಾಪಿ ಆಗುತ್ತದೆ. ವಿಂಡೋಸ್ 10ರಲ್ಲಿ ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ ಕಾಪಿ ಆ್ಯಸ್ ಪಾತ್ ಆರಿಸಿ. ವರ್ಡ್‌ನಲ್ಲಿ ಬರೆದಿಟ್ಟ ಕಮ್ಯಾಂಡನ್ನು ಮಾತ್ರ ನೇರ ಅಂಟಿಸಬೇಡಿ, ಅಲ್ಲಿನ ಬಾಗಿದ ಕೋಟ್ ಇಲ್ಲಿ ನಡೆಯುವುದಿಲ್ಲ.

ಸ್ಕ್ರಿಪ್ಟ್ ಬರೆದು ಶಾರ್ಟ್‌ಕಟ್ ಮಾಡುವವರಿಗೆ ನಿಯಮ ತಿರುವುಮುರುವು: ಡಬ್ಲ್ಯುಸ್ಕ್ರಿಪ್ಟ್.ಶೆಲ್ ಎಂಬ ವಿಂಡೋಸ್ ಸ್ಕ್ರಿಪ್ಟ್ ಸಾಧನದ ಟಾರ್ಗೆಟ್‌ಪಾತ್‌ಗೆ ಕೋಟ್ ಇಲ್ಲದೆ ಪಾತ್ ಕೊಡಿ, ಆರ್ಗ್ಯುಮೆಂಟ್ಸ್‌ನಲ್ಲಿ ಸ್ಪೇಸ್ ಇದ್ದರೆ ಕೋಟ್ ಬೇಕೇ ಬೇಕು. ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೆ ಇದು ಕೈಕೊಡುತ್ತದೆ. ಹಳೆಯ ಕಾಲದ ಈ ಸಾಧನ ಹೆಸರನ್ನು ಆನ್ಸಿಗೆ (ಯೂನಿಕೋಡ್‌ಗಿಂತ ಹಳೆಯ ಅಕ್ಷರ ಸಂಕೇತ ಪದ್ಧತಿ) ಇಳಿಸುತ್ತದೆ, ಕನ್ನಡಕ್ಕೆ ಆನ್ಸಿ ಕೋಡ್‌ಪೇಜೇ (ಅಕ್ಷರಗಳ ಪಟ್ಟಿ) ಇಲ್ಲ. ಅಂಥ ಶಾರ್ಟ್‌ಕಟ್ ಎಕ್ಸ್‌ಪ್ಲೋರರಿನಲ್ಲಿ ಮಾಡುವುದೇ ವಾಸಿ.

ಸಾಲು ಉದ್ದವಾದರೆ ಇನ್ನೊಂದು ಗೋಡೆ: ಟಾರ್ಗೆಟ್ ಬಾಕ್ಸ್ ಸುಮಾರು 260 ಅಕ್ಷರಕ್ಕೇ ನಿಲ್ಲುತ್ತದೆ. ಆಗ ಎಲ್ಲವನ್ನೂ ಒಂದು ಬ್ಯಾಚ್ ಫೈಲಿಗೆ (ಕಮ್ಯಾಂಡುಗಳನ್ನು ಬರೆದಿಡುವ ಫೈಲ್) ಹಾಕಿ, ಅದಕ್ಕೆ ಶಾರ್ಟ್‌ಕಟ್ ಮಾಡಿ. ಕಮ್ಯಾಂಡ್ ಪ್ರಾಂಪ್ಟ್ ಆದ ಸಿಎಂಡಿಯನ್ನು ಕರೆದು ಸಿಎಂಡಿ /ಸಿ ಮೂಲಕ ಓಡಿಸುವುದಾದರೆ, ಬ್ಯಾಚ್ ಫೈಲಿಗೂ ಆರ್ಗ್ಯುಮೆಂಟಿಗೂ ಕೋಟ್ ಹಾಕಿದ ಮೇಲೆ ಇಡೀ ಸಾಲಿಗೆ ಹೊರಗಿನಿಂದ ಮತ್ತೊಂದು ಜೋಡಿ ಬೇಕು. ಮೊದಲ ಮತ್ತು ಕೊನೆಯ ಕೋಟನ್ನು ಸಿಎಂಡಿ ಕಿತ್ತುಹಾಕುತ್ತದೆ.