ದಿನಕ್ಕೊಂದು ವಚನದ ಟೇಬಲ್ ಕ್ಯಾಲೆಂಡರ್: ಹನ್ನೊಂದು ತಿಂಗಳು ಬಳಸಿದ್ಮೇಲೆ ಬರೀತಿರೋದು

ಕಳೆದ ಬಸವ ಜಯಂತಿ ಟೈಮಲ್ಲಿ ದಾವಣಗೆರೇಲಿ ಒಂದು ಸ್ಟಾಲಲ್ಲಿ ತಗೊಂಡಿದ್ದು, 180 ರೂಪಾಯಿ. ತಾರೀಖು ಮಾತ್ರ ಇದೆ, ವಾರ ಇಲ್ಲ, ಹಾಗಾಗಿ ಯಾವ ವರ್ಷಕ್ಕಾದ್ರೂ ನಡೆಯುತ್ತೆ. ಒಂದೊಂದು ಹಾಳೆಗೆ ಒಂದು ವಚನ, ಕೆಳಗೆ ಎರಡು ಸಾಲು ಅರ್ಥ, ಹಿಂಭಾಗ ಖಾಲಿ. ಜೊತೆಗೆ ಒಂದು ದಪ್ಪ ಕಾರ್ಡು, ಅದರಲ್ಲಿ ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನ.

ನಂದು ಝೆರಾಕ್ಸ್, ಬೈಂಡಿಂಗ್ ಅಂಗಡಿ, ಅದಕ್ಕೆ ಮೊದಲು ಕೈಗೆ ಸಿಕ್ಕಿದ್ದೇ ಪೇಪರು. ಪೇಪರ್ ಚೆನ್ನಾಗಿದೆ, ಪೆನ್ನಲ್ಲಿ ಬರೆದ್ರೆ ಆ ಕಡೆ ಮೂಡಲ್ಲ. ಸ್ಪೈರಲ್ ಮಾತ್ರ ತೀರಾ ಸಣ್ಣದು ಹಾಕಿದ್ದಾರೆ, 365 ಹಾಳೆಗೆ ಅದು ಎಲ್ಲಿ ಸಾಕಾಗುತ್ತೆ, ಆಗಸ್ಟ್ ಹೊತ್ತಿಗೆ ತೂತುಗಳು ಹರಿದು ಹಾಳೆ ಕಳಚೋಕೆ ಶುರು. ಅರ್ಥ ಬರೆದಿರೋ ಅಕ್ಷರನೂ ಚಿಕ್ಕದು, ನಮ್ಮತ್ತೆಗೆ ಕನ್ನಡಕ ಹಾಕ್ಕೊಂಡ್ರೂ ಓದಕ್ಕಾಗಲ್ಲ, ದಿನಾ ನಾನೇ ಓದಿ ಹೇಳ್ಬೇಕು.

ಇದಕ್ಕಿಂತ ಬೇಜಾರಾಗಿದ್ದು ಒಳಗಿನ ತಪ್ಪುಗಳು. ಮೇ 1ರ ಹಾಳೆಲಿ ‘ಕಾಯಕವೇ ಕೈಲಾಸ’ ಅಂತ ಬರೆದು ಕೆಳಗೆ ಬಸವಣ್ಣ ಅಂತ ಹಾಕಿದ್ದಾರೆ. ಆ ಮಾತು ಬರೋದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ಮುಳುಗಿದ್ರೆ ಗುರು ಬಂದ್ರೂ ಮರೀಬೇಕು, ಲಿಂಗಪೂಜೆನೂ ಮರೀಬೇಕು ಅಂತ ಹೇಳಿ, ಕೊನೆಗೆ ಅಮರೇಶ್ವರಲಿಂಗನೇ ಆದ್ರೂ ಕಾಯಕದೊಳಗೇ ಅಂತಾರೆ. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ತರ್ತಿದ್ದ ಮನುಷ್ಯ, ಅವರು ಒಂದಿನ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ಈಸಕ್ಕಿಯಾಸೆ ನಿಮಗೇಕೆ ಅಂತ ಕೇಳಿ ವಾಪಸ್ ಸುರಿದು ಬರೋಕೆ ಕಳಿಸ್ತಾಳೆ. ಅಂಥ ಮನೆಯಿಂದ ಬಂದ ಮಾತನ್ನ ಅವರ ಹೆಸರಲ್ಲೇ ಹಾಕ್ಬೇಕಲ್ವಾ?

ಇನ್ನೊಂದು ‘ನುಡಿದರೆ ಮುತ್ತಿನ ಹಾರದಂತಿರಬೇಕು’. ಮುತ್ತು, ಮಾಣಿಕ್ಯ, ಸ್ಫಟಿಕ ಎಲ್ಲಾ ಇದೆ, ಕೊನೆ ಸಾಲು ಇಲ್ಲ! ‘ನುಡಿಯೊಳಗಾಗಿ ನಡೆಯದಿದ್ದಡೆ’ ಕೂಡಲಸಂಗಮದೇವ ಹೇಗೆ ಒಲೀತಾನೆ ಅಂತ ಕೇಳೋ ಆ ಸಾಲಿಗೋಸ್ಕರಾನೇ ಅಲ್ವಾ ಮೇಲಿಂದೆಲ್ಲಾ ಹೇಳಿರೋದು. ಜಾಗ ಸಾಲಲಿಲ್ಲ ಅಂದ್ರೆ ಹೂವಿನ ಡಿಸೈನ್ ತೆಗೀಬಹುದಿತ್ತು.

ಜುಲೈ 2ರ ಹಾಳೆ ಮಾತ್ರ ತುಂಬಾ ಇಷ್ಟ ಆಯ್ತು. ಅವತ್ತು ಫ.ಗು. ಹಳಕಟ್ಟಿಯವರ ಹುಟ್ಟಿದ ದಿನ, 1880. ಓಲೆಗರಿ ಹುಡುಕಿಕೊಂಡು ತಿರುಗಿ, ವಚನ ಅಚ್ಚು ಹಾಕೋಕೆ ಅಂತ ತಾವೇ ಪ್ರೆಸ್ ಮಾಡಿದವರು. ಆ ಹಾಳೆನ ಕಲರ್ ಝೆರಾಕ್ಸ್ ಮಾಡಿ ಮಷಿನ್ ಮೇಲೆ ಅಂಟಿಸಿದೀನಿ.

ಈಗ ಬಳಕೆ ವಿಷಯ. ಮೊದಲ ಒಂದೂವರೆ ತಿಂಗಳು ಬೆಳಿಗ್ಗೆ ಹಾಳೆ ತಿರುವೋದು, ಓದೋದು, ಆಹಾ ಅನ್ನೋದು, ಮಧ್ಯಾಹ್ನಕ್ಕೆ ಮರೆಯೋದು. ದಿನಾ ಹೊಸ ಮಾತು ಬಂದ್ರೆ ಯಾವುದೂ ಒಳಗೆ ಇಳಿಯಲ್ಲ ರೀ. ಆಮೇಲೆ ಮಗಳು ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಹೇಳಿದ್ಲು, ಅಮೆರಿಕಾದವನು, ಅವನೂ ಪ್ರೆಸ್ ನಡೆಸ್ತಿದ್ದವನೇ. ಒಳ್ಳೇ ಗುಣಗಳ ಪಟ್ಟಿ ಮಾಡ್ಕೊಂಡು ವಾರಕ್ಕೊಂದು ಗುಣದ ಮೇಲೆ ಗಮನ ಇಟ್ಟು, ತಪ್ಪಿದಾಗೆಲ್ಲಾ ಪುಸ್ತಕದಲ್ಲಿ ಕಪ್ಪು ಚುಕ್ಕಿ ಇಡ್ತಿದ್ದನಂತೆ. ಮೊದಲು 12 ಇತ್ತು, ನಿನಗೆ ಜಂಬ ಅಂತಾರೆ ಜನ ಅಂತ ಗೆಳೆಯನೊಬ್ಬ ಹೇಳಿದ್ಮೇಲೆ ವಿನಯ ಅಂತ 13ನೇದು ಸೇರಿಸ್ಕೊಂಡ, 13 ವಾರಕ್ಕೊಂದು ಸುತ್ತು, ವರ್ಷಕ್ಕೆ ನಾಲ್ಕು.

ನಮ್ಮ ಕಾರ್ಡಲ್ಲಿ ಏಳು ಮಾತಿದೆ. ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಕಾರ್ಡನ್ನ ಲ್ಯಾಮಿನೇಷನ್ ಮಾಡಿ ಗಲ್ಲಾ ಪಕ್ಕ ಇಟ್ಟು ವಾರಕ್ಕೊಂದು ಹಿಡಿದೆ, ತಪ್ಪಿದ್ರೆ ಆ ದಿನದ ಹಾಳೆ ಹಿಂದೆ ಚುಕ್ಕಿ. ಕಳ್ಳತನ ನಾನೆಲ್ಲಿ ಮಾಡ್ತೀನಿ ಅನ್ಕೊಂಡಿದ್ದೆ, ಮೊದಲನೇ ವಾರನೇ ಒಬ್ಬ ಹುಡುಗನ ಪ್ರಾಜೆಕ್ಟಲ್ಲಿ ಹಾಳಾದ ನಾಲ್ಕು ಪೇಜಿಗೂ ದುಡ್ಡು ಹಿಡಿದಿದ್ದು ಗೊತ್ತಾಯ್ತು, ಕರೆದು ವಾಪಸ್ ಕೊಟ್ಟೆ. ಹುಸಿಯ ವಾರ ‘ಹತ್ತು ನಿಮಿಷ, ಆಗೋಯ್ತು’ ಅನ್ನೋದಕ್ಕೇ ಎಷ್ಟು ಚುಕ್ಕಿ!

ಮುನಿಯಬೇಡ ನಂಗೆ ಕಷ್ಟ. ಒಬ್ಬ ಅಜ್ಜಾರು ಪಹಣಿ ಝೆರಾಕ್ಸಿಗೆ ಬಂದಿದ್ರು, ಕರೆಂಟ್ ಹೋಗಿ ಬಂದು ಮಷಿನ್ ಬಿಸಿಯಾಗ್ತಿತ್ತು, ಅವರು ಮೂರನೇ ಸಲ ಆಯ್ತೇನವ್ವ ಅಂತ ಕೇಳಿದ್ದಕ್ಕೆ ‘ಕಾಣ್ಸಲ್ವಾ ನಿಮ್ಗೆ’ ಅಂತ ರೇಗಿಬಿಟ್ಟೆ. ಅವರು ಕಾರ್ಡ್ ಕಡೆ ನೋಡಿದ್ರು, ಓದೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ, ‘ಬಸ್ಸಿಗೆ ಹೊತ್ತಾತು ತಾಯಿ, ಅದ್ಕೆ ಕೇಳ್ದೆ’ ಅಂದ್ರು. ತಪ್ಪಾಯ್ತು ಅಜ್ಜಾರೇ ಅಂತ ಕೈ ಮುಗಿದೆ. ಆ ಚುಕ್ಕಿ ಇನ್ನೂ ಕಣ್ಣಿಗೆ ಚುಚ್ಚುತ್ತೆ.

ಕಾರ್ಡಲ್ಲೂ ಒಂದು ತಪ್ಪಿದೆ. ‘ಇದಿರ ಹಳಿಯಲು ಬೇಡ’ಕ್ಕೆ ‘ಎದುರಿಗೆ ಬೈಯಬೇಡ’ ಅಂತ ಅರ್ಥ ಕೊಟ್ಟಿದ್ದಾರೆ, ಹಾಗಾದ್ರೆ ಬೆನ್ನ ಹಿಂದೆ ಬೈಬಹುದಾ? ಇದಿರು ಅಂದ್ರೆ ಇಲ್ಲಿ ತನ್ನ ಬಿಟ್ಟು ಬೇರೆಯವರು. ವಾರಗಿತ್ತಿ ಜೊತೆ ಫೋನಲ್ಲಿ ಕೂತ್ರೆ ನಮ್ಮ ಮಾತು ಅರ್ಧ ಬೇರೆಯವರ ಮನೆ ವಿಷಯನೇ, ಆ ತಪ್ಪು ಅರ್ಥ ನಂಬ್ಕೊಂಡಿದ್ದಕ್ಕೆ ಮೊದಲ ಸುತ್ತಲ್ಲಿ ಅದಕ್ಕೆ ಒಂದು ಚುಕ್ಕಿನೂ ಇಟ್ಟಿರಲಿಲ್ಲ.

ತಗೊಳ್ಳಬಹುದಾ ಅಂದ್ರೆ, ತಗೊಳ್ಳಿ, ಆ ಕಾರ್ಡ್ ಮತ್ತು ಖಾಲಿ ಹಿಂಭಾಗಕ್ಕೋಸ್ಕರ. ಐದಕ್ಕೆ ಮೂರೂವರೆ ಕೊಡ್ತೀನಿ. ಮಾಡಿದವರು ಓದ್ತಿದ್ರೆ ದಯವಿಟ್ಟು ಮುಂದಿನ ಅಚ್ಚಲ್ಲಿ ಮಾರಯ್ಯನವರ ಹೆಸರು ಹಾಕಿ, ಕೊನೆ ಸಾಲು ಸೇರಿಸಿ, ಅಕ್ಷರ ದೊಡ್ಡದು ಮಾಡಿ.

ನಂದು ಆರನೇ ಸುತ್ತು ನಡೀತಿದೆ. ಹರಿದ ಕಡೆ ಹೊಸ ತೂತು ಹೊಡೆದು ದೊಡ್ಡ ಸ್ಪೈರಲ್ ನಾನೇ ಹಾಕ್ಕೊಂಡೆ. ಈ ವರ್ಷದ ಚುಕ್ಕಿ ನೀಲಿ ಪೆನ್ನಲ್ಲಿದೆ, ಮುಂದಿನ ವರ್ಷ ಅದೇ ಹಾಳೆಗಳ ಹಿಂದೆ ಕೆಂಪು ಪೆನ್ನಲ್ಲಿ ಇಡ್ತೀನಿ, ಎರಡನ್ನೂ ಪಕ್ಕಪಕ್ಕ ಎಣಿಸಿ ನೋಡ್ಬೇಕು.